ಸನ್ನದು ಸಿಕ್ಕಿತು, ಕೆಲಸ ಎಲ್ಲಿ? ಕಾನೂನು ಪದವೀಧರರ ಪ್ರಶ್ನೆಗಳಿಗೆ ಉತ್ತರ

ಎಲ್‌ಎಲ್‌ಬಿ ಮುಗಿಸಿದವರು, ಮುಗಿಸುತ್ತಿರುವವರು ಕಳಿಸಿದ ಪತ್ರಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ. ಒಂದೇ ಪ್ರಶ್ನೆ ಹಲವರಿಂದ ಬಂದಿದ್ದರೆ ಒಂದು ಪತ್ರವನ್ನಷ್ಟೇ ತೆಗೆದುಕೊಂಡಿದ್ದೇವೆ. ಹೆಸರುಗಳನ್ನು ಬಿಟ್ಟು ಊರುಗಳನ್ನು ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ಐದು ವರ್ಷದ ಕೋರ್ಸಿನ ಮೂರನೇ ವರ್ಷದಲ್ಲಿದ್ದೇನೆ. ನಮ್ಮ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ಸೆಲ್ ಹೆಸರಿಗಷ್ಟೇ ಇದೆ. ಇಂಟರ್ನ್‌ಶಿಪ್ ಕೇಳಿ ಬೆಂಗಳೂರಿನ ಎಷ್ಟೋ ಲಾ ಫರ್ಮ್‌ಗಳಿಗೆ ಮೇಲ್ ಹಾಕಿದೆ, ಒಂದಕ್ಕೂ ಉತ್ತರವಿಲ್ಲ. ದೊಡ್ಡ ಕಾಲೇಜಿನವರಿಗೆ ಮಾತ್ರ ಸಿಗುತ್ತದೆಯೇ? (ವಿದ್ಯಾರ್ಥಿನಿ, ಹಾವೇರಿ)

ಉತ್ತರ: ದೊಡ್ಡ ಫರ್ಮ್‌ಗಳು ತಮಗೆ ಗೊತ್ತಿರುವ ನಾಲ್ಕೈದು ಕಾಲೇಜುಗಳಿಂದಲೇ ಹೆಚ್ಚಿನ ಸೀಟು ತುಂಬಿಕೊಳ್ಳುವುದು ನಿಜ. ಆದರೆ ಮೂರನೇ ವರ್ಷದಲ್ಲಿ ನೀವು ಮೊದಲು ಹೋಗಬೇಕಾದ ಜಾಗವೂ ಅದಲ್ಲ.

ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳು ಏನು ಹೇಳುತ್ತವೆ ನೋಡಿ. ಐದು ವರ್ಷದ ಕೋರ್ಸಿಗೆ ಒಟ್ಟು ಕನಿಷ್ಠ 20 ವಾರ, ಮೂರು ವರ್ಷದ ಕೋರ್ಸಿಗೆ 12 ವಾರ ಇಂಟರ್ನ್‌ಶಿಪ್ ಆಗಬೇಕು. ಯಾವ ವರ್ಷದಲ್ಲೂ ಒಂದೇ ಸಮನೆ ನಾಲ್ಕು ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ. ವಿಚಾರಣಾ ನ್ಯಾಯಾಲಯದ ವಕೀಲರ ಬಳಿ, ಮೇಲ್ಮನವಿ ನಡೆಸುವ ವಕೀಲರ ಬಳಿ ಒಮ್ಮೆಯಾದರೂ ಇರಲೇಬೇಕು. ಹಾಗಾಗಿ ಮೊದಲು ಜಿಲ್ಲಾ ನ್ಯಾಯಾಲಯ, ನಂತರ ನಿಮಗೆ ಹತ್ತಿರದ ಹೈಕೋರ್ಟ್ ಪೀಠವಾದ ಧಾರವಾಡ, ಕೊನೆಯ ಎರಡು ವರ್ಷ ಫರ್ಮ್ ಅಥವಾ ಕಂಪನಿ ಎಂದು ಇಟ್ಟುಕೊಳ್ಳಿ. ಕಲಬುರಗಿ, ಬೀದರ್, ರಾಯಚೂರು ಕಡೆಯವರಿಗೆ ಕಲಬುರಗಿ ಪೀಠವಿದೆ. ಫರ್ಮ್‌ನಲ್ಲಿ ಮೊದಲ ಸಲಕ್ಕೇ ಸಿಕ್ಕರೂ ಅಲ್ಲಿ ಕೊಡುವ ಕೆಲಸ ಅರ್ಥವಾಗುವುದು ಕಷ್ಟ. ದಾವೆಯೊಂದು ಹೇಗೆ ನಡೆಯುತ್ತದೆ ಎಂದು ನೋಡದವರು ಒಪ್ಪಂದದ ವ್ಯಾಜ್ಯ ಕಲಮನ್ನು ಬರೆಯುವುದಾದರೂ ಹೇಗೆ?

ಇನ್ನು ಮೇಲ್ ವಿಷಯ. ಉತ್ತರ ಬಾರದ ಮೇಲ್‌ಗಳು ಬಹುಪಾಲು ಒಂದೇ ಅಚ್ಚಿನವು: ಒಂದೇ ಪತ್ರ ಎಲ್ಲರಿಗೂ, ದಿನಾಂಕವಿಲ್ಲ, ಮೂರು ಪುಟದ ಬಯೋಡೇಟಾ, ‘ಕಾನೂನಿನ ಬಗ್ಗೆ ಅಪಾರ ಆಸಕ್ತಿ’ ಎಂಬ ಸಾಲು. ಓದುವವರು ದಿನವಿಡೀ ಕೋರ್ಟಿನಲ್ಲಿದ್ದು ರಾತ್ರಿ ಫೋನಿನಲ್ಲಿ ನೋಡುವ ವಕೀಲರು. ವಿಷಯದ ಸಾಲಿನಲ್ಲೇ ತಾರೀಖು ಕಾಣಬೇಕು. ಹೀಗೆ ಬರೆಯಬಹುದು:

‘ವಿಷಯ: ಇಂಟರ್ನ್‌ಶಿಪ್ ಕೋರಿಕೆ, ಜುಲೈ 6ರಿಂದ ಆಗಸ್ಟ್ 1, ಬಿಎ ಎಲ್‌ಎಲ್‌ಬಿ ಮೂರನೇ ವರ್ಷ.

ಮಾನ್ಯರೇ, ಧಾರವಾಡ ಪೀಠದ ಕಾಸ್ ಲಿಸ್ಟಿನಲ್ಲಿ (ದಿನದ ಪ್ರಕರಣಗಳ ಪಟ್ಟಿ) ನಿಮ್ಮ ಕಚೇರಿಯ ಭೂಸ್ವಾಧೀನ ಪರಿಹಾರದ ಪ್ರಕರಣಗಳನ್ನು ಗಮನಿಸಿದ್ದೇನೆ. ಅದೇ ವಿಷಯದಲ್ಲಿ, 2013ರ ಕಾಯ್ದೆಯ 24(2)ನೇ ಕಲಮಿನ ಬಗ್ಗೆ ಇಂದೋರ್ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಬಂದ 2020ರ ಸಂವಿಧಾನ ಪೀಠದ ತೀರ್ಪನ್ನು ಓದಿ ಬರೆದ ಎರಡು ಪುಟದ ಟಿಪ್ಪಣಿ ಲಗತ್ತಿಸಿದ್ದೇನೆ. ಕನ್ನಡ ದಾಖಲೆ ಓದಿ ಇಂಗ್ಲಿಷಿನಲ್ಲಿ ಸಾರಾಂಶ ಮಾಡಬಲ್ಲೆ. ನುಡಿಯಲ್ಲಿ ಟೈಪಿಂಗ್ ಬರುತ್ತದೆ. ಈ ನಾಲ್ಕು ವಾರ ನಿಮ್ಮ ಕಚೇರಿಯಲ್ಲಿ ಅವಕಾಶ ಕೊಡಬೇಕೆಂದು ಕೋರುತ್ತೇನೆ.’

ಇಷ್ಟೇ ಸಾಕು. ಇಂಗ್ಲಿಷಿನಲ್ಲಿ ಬರೆದರೂ ಅಳತೆ ಇದೇ ಇರಲಿ. ಬಯೋಡೇಟಾ ಒಂದು ಪುಟ ಮೀರಬಾರದು. ಪಿಡಿಎಫ್ ಕಡತಕ್ಕೆ ‘ರೆಸ್ಯೂಮ್ ಫೈನಲ್ 3’ ಎಂಬ ಹೆಸರಿನ ಬದಲು ನಿಮ್ಮ ಹೆಸರು, ವರ್ಷ ಇಡಿ. ಟಿಪ್ಪಣಿಯಲ್ಲಿ ಸಂಗತಿ, ಕೋರ್ಟಿನ ಮುಂದಿದ್ದ ಪ್ರಶ್ನೆ, ತೀರ್ಮಾನ, ಅದಕ್ಕೆ ಕೊಟ್ಟ ಕಾರಣ ಈ ಕ್ರಮದಲ್ಲಿ ಬರಲಿ. ಕೊನೆಯಲ್ಲಿ ತೀರ್ಪು ಮುಟ್ಟದೆ ಬಿಟ್ಟ ಒಂದು ಪ್ರಶ್ನೆಯನ್ನಾದರೂ ಗುರುತಿಸಿ. ನೀವೇ ಓದಿದ್ದೀರಿ ಎಂಬುದು ಆ ಕೊನೆಯ ಸಾಲಿನಿಂದಲೇ ಗೊತ್ತಾಗುವುದು. ಅಂತರ್ಜಾಲದ ಸಾರಾಂಶವನ್ನು ನಕಲು ಮಾಡಿದವರು ಅಲ್ಲೇ ಸಿಕ್ಕಿಬೀಳುತ್ತಾರೆ.

ಯಾವ ವಕೀಲರು ಏನು ನಡೆಸುತ್ತಾರೆ ಎಂದು ತಿಳಿಯಲು ಯಾರನ್ನೂ ಕಾಡಬೇಕಿಲ್ಲ. ಇ-ಕೋರ್ಟ್ಸ್ ಸೇವೆಯಲ್ಲಿ ಜಿಲ್ಲೆ, ನ್ಯಾಯಾಲಯ ಆರಿಸಿ ವಕೀಲರ ಹೆಸರು ಹಾಕಿದರೆ ಅವರ ಪ್ರಕರಣಗಳ ಪಟ್ಟಿ ಬರುತ್ತದೆ. ಕೇಸಿನ ವಿಧ, ಹಂತ, ಮುಂದಿನ ದಿನಾಂಕ ಎಲ್ಲ ಕಾಣುತ್ತದೆ. ಸಾಕ್ಷ್ಯದ ಹಂತದಲ್ಲಿ ಹತ್ತಿಪ್ಪತ್ತು ಕೇಸು ಇರುವ ಕಚೇರಿಯಲ್ಲಿ ನಾಲ್ಕು ವಾರ ಕೂತರೆ ಪಾಟಿ ಸವಾಲು ನೋಡಲು ಸಿಗುತ್ತದೆ. ಬರೀ ಜಾಮೀನು ಅರ್ಜಿಗಳಿರುವಲ್ಲಿ ಕಲಿಯುವುದು ಬೇರೆ.

ಕಾಲದ ಲೆಕ್ಕವೂ ಇದೆ. ಹಲವರು ಮೇ ತಿಂಗಳಿಗೆ ಅರ್ಜಿ ಹಾಕಿ, ಸಿವಿಲ್ ಕೋರ್ಟುಗಳಿಗೆ ಬೇಸಿಗೆ ರಜೆ ಇರುವುದನ್ನು ಹೋದ ಮೇಲೆ ಕಂಡುಕೊಳ್ಳುತ್ತಾರೆ. ಮೇನಲ್ಲಿ ಬಿಡುವಿದ್ದರೆ ಫರ್ಮ್, ಕಂಪನಿಯ ಕಾನೂನು ವಿಭಾಗ ಅಥವಾ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ದೊಡ್ಡ ಕಚೇರಿಗಳಿಗೆ ನಾಲ್ಕಾರು ತಿಂಗಳು ಮೊದಲೇ ಅರ್ಜಿ ಹೋಗಬೇಕು. ಒಬ್ಬರೇ ನಡೆಸುವ ಚೇಂಬರಿಗೆ ಮೂರು ವಾರ ಮೊದಲು ಸಾಕು. ಅಲ್ಲಿಗೆ ಮೇಲ್ ಬದಲು ಸಂಜೆ ಕಚೇರಿ ವೇಳೆಯಲ್ಲಿ ಖುದ್ದಾಗಿ ಹೋಗುವುದೇ ವಾಸಿ. ಗುಮಾಸ್ತರ ಹತ್ತಿರ ಸಮಯ ಕೇಳಿಕೊಂಡು ಹೋಗಿ, ಅವರ ಮಾತಿಗೆ ಅಲ್ಲಿ ತೂಕವಿದೆ.

ಸೇರಿದ ದಿನದಿಂದ ಒಂದು ಡೈರಿ ಇಡಿ: ಕೇಸಿನ ನಂಬರು, ಹಂತ, ಅಂದು ನಡೆದದ್ದು, ಸಂಬಂಧಿಸಿದ ಕಲಮು, ನೀವು ಮಾಡಿದ ಕೆಲಸ. ಮುಂದೆ ಬಯೋಡೇಟಾದಲ್ಲಿ ‘ಸಂಶೋಧನೆ ಮತ್ತು ಕರಡು ರಚನೆಯಲ್ಲಿ ನೆರವು’ ಎಂಬ ಖಾಲಿ ಸಾಲಿನ ಜಾಗದಲ್ಲಿ ‘ಆಸ್ತಿ ವಿಭಾಗದ ಎರಡು ದಾವೆಗಳ ವಂಶಾವಳಿ ಮತ್ತು ಘಟನಾ ಪಟ್ಟಿ, ಒಂದು ಚೆಕ್ ಬೌನ್ಸ್ ದೂರಿನ ಮೊದಲ ಕರಡು, ಮೂರು ಸಾಕ್ಷಿಗಳ ಹೇಳಿಕೆಯ ಸಾರಾಂಶ’ ಎಂದು ಬರೆಯಲು ಆಧಾರ ಇದೇ. ಕಕ್ಷಿದಾರರ ಹೆಸರು, ಕಡತದ ಫೋಟೊ ಮಾತ್ರ ಎಲ್ಲೂ ಹಾಕಬೇಡಿ. ವಕೀಲ–ಕಕ್ಷಿದಾರರ ನಡುವಿನ ಮಾತಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನ ರಕ್ಷಣೆಯಿದೆ, ವಕೀಲರ ಗುಮಾಸ್ತರು, ನೌಕರರೂ ಆ ಕಟ್ಟಿಗೆ ಒಳಪಟ್ಟವರು. ಕೋರ್ಟ್ ಹಾಲಿನ ಸೆಲ್ಫಿಯಿಂದ ಇಂಟರ್ನ್‌ಶಿಪ್ ಅರ್ಧಕ್ಕೇ ನಿಲ್ಲಬಹುದು.

ಪ್ರಶ್ನೆ: ಇದೀಗ ಎಲ್‌ಎಲ್‌ಬಿ ಮುಗಿಯಿತು. ಸನ್ನದು (ವಕೀಲಿಕೆಯ ಪರವಾನಗಿ) ಮೊದಲೋ, ಎಐಬಿಇ (ಅಖಿಲ ಭಾರತ ವಕೀಲರ ಪರೀಕ್ಷೆ) ಮೊದಲೋ? ನೋಂದಣಿಗೆ ಎಷ್ಟು ಕಟ್ಟಬೇಕು ಎಂದು ಒಬ್ಬೊಬ್ಬರು ಒಂದೊಂದು ಮೊತ್ತ ಹೇಳುತ್ತಾರೆ. (ಪದವೀಧರ, ರಾಯಚೂರು)

ಉತ್ತರ: ಸಾಮಾನ್ಯ ಕ್ರಮದಲ್ಲಿ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ ಮೊದಲು, ಪರೀಕ್ಷೆ ನಂತರ. ನೋಂದಣಿಯಾದ ಮೇಲೆ ಎರಡು ವರ್ಷದೊಳಗೆ ಎಐಬಿಇ ಪಾಸಾಗಬೇಕು, ಅಲ್ಲಿಯವರೆಗಿನ ನೋಂದಣಿ ತಾತ್ಕಾಲಿಕ. 2024ರಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಿದ ಮೇಲೆ ಕೊನೆಯ ಸೆಮಿಸ್ಟರಿನವರೂ ಪರೀಕ್ಷೆ ಬರೆಯುವ ದಾರಿ ತೆರೆಯಿತು. ನಿಮ್ಮ ಪದವಿ ಮುಗಿದಿರುವುದರಿಂದ ನೋಂದಣಿಯನ್ನು ಮುಂದೂಡಲು ಕಾರಣವೇ ಇಲ್ಲ. ಅನುಭವದ ವರ್ಷಗಳ ಎಣಿಕೆ ಶುರುವಾಗುವುದು ಆ ದಿನದಿಂದ.

ಹಣದ ಬಗ್ಗೆ ಕಾನೂನು ಸ್ಪಷ್ಟವಾಗಿದೆ. 1961ರ ವಕೀಲರ ಕಾಯ್ದೆಯ 24(1)(ಎಫ್) ಪ್ರಕಾರ ರಾಜ್ಯ ಪರಿಷತ್ತಿಗೆ 600 ರೂಪಾಯಿ, ಭಾರತೀಯ ಪರಿಷತ್ತಿಗೆ 150, ಒಟ್ಟು 750. ಪರಿಶಿಷ್ಟ ಜಾತಿ, ಪಂಗಡದವರಿಗೆ 100 ಮತ್ತು 25, ಒಟ್ಟು 125. ಮುದ್ರಾಂಕ ಶುಲ್ಕ ಇದ್ದರೆ ಅದು ಪ್ರತ್ಯೇಕ. ಇದರ ಮೇಲೆ ಬೇರೆ ಬೇರೆ ಹೆಸರಿನಲ್ಲಿ ವಸೂಲು ಮಾಡುವಂತಿಲ್ಲ ಎಂದು ಗೌರವ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ಹೇಳಿತು. 2025ರ ಆಗಸ್ಟ್‌ನಲ್ಲಿ ಕರ್ನಾಟಕದ ಪರಿಷತ್ತಿನ ವಿಷಯದಲ್ಲೇ ‘ಐಚ್ಛಿಕ ಶುಲ್ಕ’ ಎಂಬುದೂ ಇಲ್ಲ ಎಂದು ಸ್ಪಷ್ಟಪಡಿಸಿತು. ತೀರ್ಪಿಗೆ ಮೊದಲು ಕಟ್ಟಿದವರಿಗೆ ಹಣ ವಾಪಸಿಲ್ಲ. ನಿಮಗೆ ಹೆಚ್ಚು ಮೊತ್ತ ಹೇಳುತ್ತಿರುವವರು ಹಳೆಯ ಲೆಕ್ಕ ಹೇಳುತ್ತಿರಬಹುದು, ಇಲ್ಲವೇ ನಡುವೆ ತಮ್ಮದೂ ಸೇರಿಸುತ್ತಿರಬಹುದು.

ಅರ್ಜಿ ವಾಪಸಾಗುವುದು ಹೆಚ್ಚಾಗಿ ಹೆಸರಿನ ತಕರಾರಿನಿಂದ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪದವಿ ಪ್ರಮಾಣಪತ್ರದಲ್ಲಿ ತಂದೆಯ ಪೂರ್ತಿ ಹೆಸರು, ಆಧಾರಿನಲ್ಲಿ ಮೂರನೆಯದೇ ರೂಪ. ಅರ್ಜಿ ಹಾಕುವ ಮೊದಲೇ ಮೂರನ್ನೂ ಮುಂದಿಟ್ಟುಕೊಂಡು ನೋಡಿ, ವ್ಯತ್ಯಾಸವಿದ್ದರೆ ಅಫಿಡವಿಟ್ ಮಾಡಿಸಿಕೊಳ್ಳಿ. ಕ್ರಿಮಿನಲ್ ಕೇಸು ಬಾಕಿಯಿದ್ದರೆ, ಎಲ್ಲಾದರೂ ನೌಕರಿಯಲ್ಲಿದ್ದರೆ ಮುಚ್ಚಿಡಬೇಡಿ. ಮುಚ್ಚಿಟ್ಟದ್ದು ಮುಂದೆ ಬಯಲಾದರೆ ಸನ್ನದೇ ಹೋದೀತು.

ಪರೀಕ್ಷೆಯ ಬಗ್ಗೆ ಹೆದರಿಕೆ ಬೇಡ, ಉದಾಸೀನವೂ ಬೇಡ. 100 ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ವರ್ಗಕ್ಕೆ 45, ಪರಿಶಿಷ್ಟರಿಗೆ 40 ಅಂಕ ಬೇಕು. ಎಷ್ಟು ಸಲ ಬೇಕಾದರೂ ಬರೆಯಬಹುದು, ಕನ್ನಡದಲ್ಲೂ ಬರೆಯಬಹುದು. ಸಂವಿಧಾನ, ಸಿವಿಲ್ ಪ್ರಕ್ರಿಯೆ, ಕ್ರಿಮಿನಲ್ ಪ್ರಕ್ರಿಯೆಗೆ ತಲಾ ಹತ್ತು ಪ್ರಶ್ನೆಯಿರುವುದರಿಂದ ಆ ಮೂರರಿಂದ ಓದು ಶುರುಮಾಡಿ. ಬೇರ್ ಆಕ್ಟ್ (ಕಾಯ್ದೆಯ ಮೂಲಪಾಠವಷ್ಟೇ ಇರುವ ಪುಸ್ತಕ) ಒಳಗೆ ಒಯ್ಯಲು ಬಿಡುತ್ತಾರೆ, ಆದರೆ ಅದರಲ್ಲಿ ಟಿಪ್ಪಣಿ, ವ್ಯಾಖ್ಯಾನ ಇರಬಾರದು. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿದ್ದಕ್ಕೂ ಬಾಗಿಲಲ್ಲೇ ಪುಸ್ತಕ ಬಿಟ್ಟು ಹೋಗಬೇಕಾದೀತು. ಪುಸ್ತಕ ಇದೆಯೆಂದು ಓದದೆ ಹೋಗುವುದೇ ದೊಡ್ಡ ತಪ್ಪು: ಒಂದು ಪ್ರಶ್ನೆಗೆ ಸುಮಾರು ಎರಡು ನಿಮಿಷ ಸಿಗುತ್ತದೆ, ಕಲಮು ಎಲ್ಲಿದೆಯೆಂದು ಗೊತ್ತಿಲ್ಲದವರಿಗೆ ಹುಡುಕಲು ಅದು ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಮೂರು ಹೊಸ ಕ್ರಿಮಿನಲ್ ಕಾನೂನುಗಳ ಪುಸ್ತಕವನ್ನೇ ಕೊಳ್ಳಿ. ಹಳೆಯ ಐಪಿಸಿ ಪುಸ್ತಕದ ಮೇಲೆ ಹೊಸ ನಂಬರು ಗೀಚಿಕೊಂಡು ಹೋಗುವ ಉಳಿತಾಯ ದುಬಾರಿಯಾಗುತ್ತದೆ.

ಪ್ರಶ್ನೆ: ಒಂದು ವರ್ಷದಿಂದ ಸೀನಿಯರ್ ಒಬ್ಬರ ಬಳಿ ಇದ್ದೇನೆ. ಕೊಡುವುದು ಬಸ್ ಖರ್ಚಿಗೆ ಸಾಲದು. ಮಾಡುವ ಕೆಲಸ ದಿನಾಂಕ ತೆಗೆದುಕೊಳ್ಳುವುದು, ಕಾಪಿ ಅರ್ಜಿ ಹಾಕುವುದು. ಬಿಟ್ಟರೆ ಮುಂದೇನು ಎಂಬ ಭಯ. (ಜೂನಿಯರ್ ವಕೀಲ, ಬೆಂಗಳೂರು)

ಉತ್ತರ: ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಕಿರಿಯ ವಕೀಲರಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕೆಂದು ಶಿಫಾರಸು ಮಾಡಿದೆ. ಅದು ಶಿಫಾರಸು ಮಾತ್ರ, ಅದನ್ನು ಹಿಡಿದು ನೀವು ದಾವೆ ಹೂಡಲಾರಿರಿ. ಆದರೆ ಮಾತು ತೆಗೆಯಲು ಅದೊಂದು ಆಧಾರ. ಕೇಳುವಾಗ ನಿಮ್ಮ ಕಷ್ಟ ಹೇಳಿಕೊಳ್ಳುವ ಬದಲು ಕಳೆದ ಮೂರು ತಿಂಗಳಲ್ಲಿ ನೀವು ಸಿದ್ಧಪಡಿಸಿದ ಐಎಗಳು (ಮಧ್ಯಂತರ ಅರ್ಜಿಗಳು), ತೆಗೆಸಿದ ಆಫೀಸ್ ಆಬ್ಜೆಕ್ಷನ್‌ಗಳು (ಕೋರ್ಟ್ ಕಚೇರಿಯ ಆಕ್ಷೇಪಣೆಗಳು), ನಿಭಾಯಿಸಿದ ಹಾಜರಾತಿಗಳ ಪಟ್ಟಿ ಮುಂದಿಡಿ.

ದಿನಾಂಕ ತೆಗೆದುಕೊಳ್ಳುವುದನ್ನು ಕೀಳಾಗಿ ಕಾಣಬೇಡಿ, ಮೊದಲ ಆರು ತಿಂಗಳು ಅದೇ ಪಾಠ. ಯಾವ ಹಾಲಿನಲ್ಲಿ ಏನು ನಡೆಯುತ್ತದೆ, ಕಚೇರಿ ಆಕ್ಷೇಪಣೆ ಎಲ್ಲಿ ಸರಿಪಡಿಸಬೇಕು, ಪ್ರೊಸೆಸ್ (ಸಮನ್ಸ್ ಕಳಿಸುವ ಶುಲ್ಕ) ಕಟ್ಟದೆ ಹೋದರೆ ದಾವೆ ಹೇಗೆ ವಜಾ ಆಗುತ್ತದೆ ಎಂಬುದು ಪುಸ್ತಕದಲ್ಲಿಲ್ಲ. ವರ್ಷ ಕಳೆದರೂ ಅಷ್ಟೇ ಆದರೆ ಕಚೇರಿ ಬದಲಿಸುವುದು ನ್ಯಾಯ. ಬದಲಿಸುವ ಮೊದಲು ಹೊಸ ಕಚೇರಿಯಲ್ಲಿ ನಾಲ್ಕು ಮಾತು ಸ್ಪಷ್ಟ ಮಾಡಿಕೊಳ್ಳಿ. ತಿಂಗಳಿಗೆ ಎಷ್ಟು, ಯಾವ ತಾರೀಖಿಗೆ? ಓಡಾಟದ ಖರ್ಚು ಯಾರದು? ಸ್ವಂತ ಕೇಸು ಹಿಡಿಯಬಹುದೇ? ವಕಾಲತ್ತಿನಲ್ಲಿ (ಕಕ್ಷಿದಾರರು ವಕೀಲರಿಗೆ ಕೊಡುವ ಅಧಿಕಾರ ಪತ್ರ) ನಿಮ್ಮ ಹೆಸರೂ ಇರುತ್ತದೆಯೇ?

ನಾಲ್ಕನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಮುಂದೆ ನ್ಯಾಯಾಧೀಶರ ಹುದ್ದೆಗೋ, ಸರ್ಕಾರಿ ಅಭಿಯೋಜಕರ ಹುದ್ದೆಗೋ ಅರ್ಜಿ ಹಾಕುವಾಗ ‘ಅನುಭವ ತೋರಿಸಿ’ ಎಂದರೆ, ಐದು ವರ್ಷ ದುಡಿದವರ ಹೆಸರು ಒಂದು ಕಡತದಲ್ಲೂ ಇರುವುದಿಲ್ಲ. ವಕಾಲತ್ತಿನಲ್ಲಿ ಹೆಸರು, ಆರ್ಡರ್ ಶೀಟಿನಲ್ಲಿ ಹಾಜರಾತಿ ಇವೆರಡೇ ನಿಮ್ಮ ಸರ್ವಿಸ್ ರಿಜಿಸ್ಟರ್.

ಹೊಸ ಕಚೇರಿಯ ಸಂದರ್ಶನದಲ್ಲಿ ಸಿದ್ಧಾಂತ ಕೇಳುವವರು ಕಡಿಮೆ. ಚೆಕ್ ಕೇಸಿನ ಕಾಗದ ಕೊಟ್ಟು ದೂರು ಅವಧಿಯೊಳಗಿದೆಯೇ ನೋಡು ಎನ್ನುತ್ತಾರೆ. ಚೆಕ್ ವಾಪಸಾದ ಮೆಮೊ ಬ್ಯಾಂಕಿನಿಂದ ಕೈಸೇರಿ 30 ದಿನದೊಳಗೆ ನೋಟಿಸು, ನೋಟಿಸು ಎದುರಾಳಿಗೆ ತಲುಪಿ ಹಣ ಕೊಡಲು 15 ದಿನ, ಅದು ಮುಗಿದ ಮೇಲೆ ಒಂದು ತಿಂಗಳೊಳಗೆ ದೂರು. ಇದರಲ್ಲಿ ಎಡವುವುದು ಎರಡು ಕಡೆ: ನೋಟಿಸು ಕಳಿಸಿದ ದಿನದಿಂದ 15 ದಿನ ಎಣಿಸುವುದು, ಒಂದು ತಿಂಗಳನ್ನು 30 ದಿನ ಎಂದುಕೊಳ್ಳುವುದು. ಅಂಚೆಯ ಟ್ರ್ಯಾಕಿಂಗ್ ಚೀಟಿ ತೆಗೆದು ತಲುಪಿದ ದಿನಾಂಕ ಹುಡುಕಿದರೆ ಕೇಳಿದವರಿಗೆ ಸಮಾಧಾನ.

ಬಿಡುವಾಗ ಕಡತಗಳನ್ನು ಪಟ್ಟಿ ಮಾಡಿ ಒಪ್ಪಿಸಿ, ಮುಂದಿನ ದಿನಾಂಕಗಳನ್ನು ಬರೆದುಕೊಡಿ. ಕಕ್ಷಿದಾರರೊಬ್ಬರು ನಿಮ್ಮ ಹಿಂದೆಯೇ ಬರುತ್ತೇನೆಂದರೂ, ಮೊದಲ ವಕೀಲರ ಒಪ್ಪಿಗೆಯಿಲ್ಲದೆ ಆ ಕೇಸಿನಲ್ಲಿ ನೇರವಾಗಿ ವಕಾಲತ್ತು ಹಾಕುವಂತಿಲ್ಲ. ಅವರು ಒಪ್ಪದಿದ್ದರೆ ಕಾರಣ ಹೇಳಿ ಕೋರ್ಟಿನ ಅನುಮತಿ ಪಡೆಯಬೇಕು. ವಕೀಲರ ನಡತೆ ನಿಯಮಗಳ 39ನೆಯದು ಇದೇ.

ಪ್ರಶ್ನೆ: ಪದವಿ ಮುಗಿಸಿ ನೇರವಾಗಿ ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕೋಚಿಂಗ್ ಸೇರಬೇಕೆಂದಿದ್ದೆ. ಈಗ ಮೂರು ವರ್ಷ ವಕೀಲಿಕೆ ಕಡ್ಡಾಯವಂತೆ. ಹೌದೇ? (ಪದವೀಧರೆ, ಶಿವಮೊಗ್ಗ)

ಉತ್ತರ: ಹೌದು. ಅಖಿಲ ಭಾರತ ನ್ಯಾಯಾಧೀಶರ ಸಂಘದ ಪ್ರಕರಣದಲ್ಲಿ 2025ರ ಮೇ 20ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು, ಸಿವಿಲ್ ನ್ಯಾಯಾಧೀಶ (ಕಿರಿಯ ಶ್ರೇಣಿ) ಹುದ್ದೆಗೆ ಕನಿಷ್ಠ ಮೂರು ವರ್ಷದ ವಕೀಲಿಕೆಯನ್ನು ಮತ್ತೆ ತಂದಿತು. ಆ ಹೊತ್ತಿಗೆ ಅಧಿಸೂಚನೆ ಆಗಿದ್ದ ನೇಮಕಾತಿಗಳನ್ನು ಹೊರಗಿಟ್ಟಿತು. ವರ್ಷಗಳನ್ನು ತಾತ್ಕಾಲಿಕ ನೋಂದಣಿಯ ದಿನದಿಂದಲೇ ಎಣಿಸಬೇಕು, ಎಐಬಿಇ ಪಾಸಾದ ದಿನದಿಂದಲ್ಲ. ಕನಿಷ್ಠ ಹತ್ತು ವರ್ಷ ಅನುಭವದ ವಕೀಲರು ಪ್ರಮಾಣಪತ್ರ ಕೊಟ್ಟು ಅದಕ್ಕೆ ಆ ಸ್ಥಳದ ಪ್ರಧಾನ ನ್ಯಾಯಿಕ ಅಧಿಕಾರಿಯ ದೃಢೀಕರಣ ಇರಬೇಕು, ಅಥವಾ ಆ ಅಧಿಕಾರಿಯೇ ಕೊಡಬೇಕು. ನ್ಯಾಯಮೂರ್ತಿಗಳ ಬಳಿ ಲಾ ಕ್ಲರ್ಕ್ ಆಗಿ ಮಾಡಿದ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ಪ್ರತಿ ಅಧಿಸೂಚನೆಯ ಅರ್ಹತೆಯ ಸಾಲನ್ನು ನೀವೇ ಓದಿ, ಷರತ್ತಿನಲ್ಲಿ ಬದಲಾವಣೆಯಿದ್ದರೆ ಅಲ್ಲೇ ತಿಳಿಯುತ್ತದೆ.

ಈ ಮೂರು ವರ್ಷವನ್ನು ದಂಡವೆಂದು ಎಣಿಸಬೇಕಾಗಿಲ್ಲ. ಮುಖ್ಯ ಪರೀಕ್ಷೆಯಲ್ಲಿ ಭಾಷಾಂತರದ ಪತ್ರಿಕೆ ಇದೆ: ಕನ್ನಡದ ಸಾಕ್ಷಿ ಹೇಳಿಕೆ, ದಸ್ತಾವೇಜುಗಳನ್ನು ಇಂಗ್ಲಿಷಿಗೆ, ಇಂಗ್ಲಿಷಿನದನ್ನು ಕನ್ನಡಕ್ಕೆ ತರಬೇಕು. ಕೋಚಿಂಗಿನಲ್ಲಿ ಕೂತವರು ಅಲ್ಲೇ ಮುಗ್ಗರಿಸುತ್ತಾರೆ. ‘ಸದರಿ ಸ್ವತ್ತಿಗೆ ಚಕ್ಕುಬಂದಿ’, ‘ಜಂಟಿ ಕುಟುಂಬದ ಪಿತ್ರಾರ್ಜಿತ’, ‘ಕಬ್ಜೆ’ ಇವು ಕೈಯಿಂದ ಹತ್ತು ವಾದಪತ್ರ ಬರೆದವರಿಗೆ ಸರಾಗ. ಅದಕ್ಕೆ ತಾಲ್ಲೂಕು ಕೋರ್ಟಿನ ಸಿವಿಲ್ ಕಚೇರಿ ಸೇರಿ. ವಿವಾದಾಂಶ ರೂಪಿಸುವುದು, ದೋಷಾರೋಪಣೆ ಹೊರಿಸುವುದು ನಿತ್ಯ ಕಣ್ಣೆದುರಿಗೇ ನಡೆಯುತ್ತದೆ. ಓದು ಬೆಳಿಗ್ಗೆ ಎರಡು ಗಂಟೆ ಇರಲಿ.

ಪ್ರಶ್ನೆ: ಕಂಪನಿಯೊಂದು ಕಾನೂನು ವಿಭಾಗದಲ್ಲಿ ಕೆಲಸ ಕೊಡುತ್ತಿದೆ, ಸಂಬಳ ಚೆನ್ನಾಗಿದೆ. ಸೇರಿದರೆ ಸನ್ನದು ಹೋಗುತ್ತದೆಯೇ? ಬ್ಯಾಂಕ್ ಲಾ ಆಫೀಸರ್ ಆದರೂ ಹೀಗೆಯೇ? (ವಕೀಲ, ಮೈಸೂರು)

ಉತ್ತರ: ಹೋಗುವುದಿಲ್ಲ, ಅಮಾನತಿನಲ್ಲಿರುತ್ತದೆ. ಪೂರ್ಣಾವಧಿ ಸಂಬಳದ ನೌಕರಿ ಹಿಡಿದವರು ವಕೀಲಿಕೆ ಮಾಡುವಂತಿಲ್ಲ ಎಂಬುದು ನಿಯಮ 49. ಸೇರಿದ ಕೂಡಲೇ ರಾಜ್ಯ ಪರಿಷತ್ತಿಗೆ ಬರೆದು ತಿಳಿಸಿ ಸನ್ನದನ್ನು ತಡೆಹಿಡಿಸಬೇಕು, ಬಿಟ್ಟ ಮೇಲೆ ಅರ್ಜಿ ಕೊಟ್ಟು ಮತ್ತೆ ಚಾಲ್ತಿ ಮಾಡಿಸಬೇಕು. ತಿಳಿಸದೆ ಎರಡು ದೋಣಿಯಲ್ಲಿ ಕಾಲಿಟ್ಟವರ ಮೇಲೆ ಎದುರು ಕಕ್ಷಿದಾರರೇ ದೂರು ಕೊಟ್ಟ ಉದಾಹರಣೆಗಳಿವೆ. ನ್ಯಾಯಾಂಗದ ಪರೀಕ್ಷೆ ಮನಸ್ಸಿನಲ್ಲಿದ್ದರೆ ಕಂಪನಿಯ ವರ್ಷಗಳನ್ನು ವಕೀಲಿಕೆಗೆ ಸೇರಿಸಲು ಬರುವುದಿಲ್ಲ, ಇದನ್ನು ಈಗಲೇ ತೂಗಿ ನೋಡಿ.

ಬ್ಯಾಂಕಿನದು ಸ್ವಲ್ಪ ಬೇರೆ. ಬ್ಯಾಂಕ್ ನೇಮಕಾತಿ ಪರೀಕ್ಷೆಗಳ ಸಂಸ್ಥೆಯಾದ ಐಬಿಪಿಎಸ್ ನಡೆಸುವ ಲಾ ಆಫೀಸರ್ (ಶ್ರೇಣಿ 1) ಆಯ್ಕೆಗೆ ಎಲ್‌ಎಲ್‌ಬಿ ಜೊತೆಗೆ ವಕೀಲರಾಗಿ ನೋಂದಣಿ ಬೇಕು, ವಯಸ್ಸು 20ರಿಂದ 30, ಮೀಸಲಾತಿಯವರಿಗೆ ಸಡಿಲಿಕೆ. ಅನುಭವ ಕೇಳುವುದಿಲ್ಲ. ಅಂದರೆ ಸೇರಲು ಸನ್ನದು ಬೇಕು, ಸೇರಿದ ಮೇಲೆ ಅದನ್ನು ತಡೆಹಿಡಿಸಬೇಕು. ಕೆಲವು ಸಾರ್ವಜನಿಕ ಉದ್ದಿಮೆಗಳು ಸ್ನಾತಕೋತ್ತರ ಕ್ಲಾಟ್ (ಎಲ್‌ಎಲ್‌ಎಂ ಪ್ರವೇಶ ಪರೀಕ್ಷೆ) ಅಂಕದ ಮೇಲೆ ಕಾನೂನು ಅಧಿಕಾರಿಗಳನ್ನು ತೆಗೆದುಕೊಳ್ಳುತ್ತವೆ, ಪವರ್ ಗ್ರಿಡ್, ಒಎನ್‌ಜಿಸಿ ಹಾಗೆ ಮಾಡಿವೆ. ಎಲ್‌ಎಲ್‌ಎಂ ಓದುವ ಮನಸ್ಸಿಲ್ಲದಿದ್ದರೂ ಆ ಪರೀಕ್ಷೆ ಬರೆದಿಡುವುದರಲ್ಲಿ ನಷ್ಟವಿಲ್ಲ.

ಕಂಪನಿಯ ಆಯ್ಕೆಯಲ್ಲಿ ಸಾಮಾನ್ಯವಾಗಿ ಒಂದು ಒಪ್ಪಂದ ಕೊಟ್ಟು ತಿದ್ದಲು ಹೇಳುತ್ತಾರೆ. ಹೊಸಬರು ಕಾಗುಣಿತ, ವ್ಯಾಕರಣ ತಿದ್ದಿ ಕೊಡುತ್ತಾರೆ. ಅವರು ನೋಡುವುದು ಬೇರೆಯದನ್ನು: ನಷ್ಟಭರ್ತಿಗೆ ಮೇಲ್ಮಿತಿ ಇದೆಯೇ, ರದ್ದು ಮಾಡುವ ಹಕ್ಕು ಒಬ್ಬರಿಗೇ ಇದೆಯೇ, ಆರ್ಬಿಟ್ರೇಷನ್ನಿನ ಸ್ಥಳ ಒಂದೂರು, ನ್ಯಾಯಾಲಯದ ವ್ಯಾಪ್ತಿ ಇನ್ನೊಂದೂರು ಆಗಿದೆಯೇ, ಗೋಪ್ಯತೆ ಎಷ್ಟು ವರ್ಷ ಉಳಿಯುತ್ತದೆ. ಪ್ರತಿ ತಿದ್ದುಪಡಿಯ ಪಕ್ಕದಲ್ಲಿ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ.

ಕನ್ನಡದಲ್ಲಿ ಓದಿ ಬಂದವರಿಗೆ ಬೆಂಗಳೂರಿನಲ್ಲಿ ಒಂದು ದೊಡ್ಡ ಅನುಕೂಲವಿದೆ, ಅದನ್ನು ಬಯೋಡೇಟಾದಲ್ಲಿ ಹಾಕುವವರೇ ಕಡಿಮೆ: ಜಮೀನಿನ ಹಕ್ಕು ಪರಿಶೀಲನೆ. ನಿರ್ಮಾಣ ಸಂಸ್ಥೆಗಳು, ಸಾಲ ಕೊಡುವ ಬ್ಯಾಂಕುಗಳು, ಅವರ ಫರ್ಮ್‌ಗಳು ಎಲ್ಲಕ್ಕೂ ಇದು ಬೇಕು. ಕೈಬರಹದ ಹಳೆ ಪಹಣಿ, ಮ್ಯುಟೇಷನ್ ರಿಜಿಸ್ಟರ್, ಪೋಡಿ ನಕ್ಷೆ, ಆಕಾರಬಂದು ಓದಿ, ಋಣಭಾರ ಪತ್ರದ ಜೊತೆ ತಾಳೆ ಹಾಕಿ, ನಡುವೆ ಎಲ್ಲಿ ಕೊಂಡಿ ತಪ್ಪಿದೆ ಎಂದು ಹೇಳಬೇಕು. ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ ಅದರ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ನೋಡಬೇಕು, ಗೇಣಿ ಜಮೀನಾದರೆ ಗೇಣಿದಾರರು ಹಕ್ಕು ಕೋರಿ ಸಲ್ಲಿಸಿದ ನಮೂನೆ 7ರ ಅರ್ಜಿ ಏನಾಯಿತು ಎಂದು ಕೇಳಬೇಕು. ದಿಲ್ಲಿಯಲ್ಲಿ ಓದಿ ಬಂದ ಸಹೋದ್ಯೋಗಿ ಇಲ್ಲಿ ನಿಮ್ಮ ಮೇಜಿಗೇ ಬರಬೇಕು. ಇಂಥ ಒಂದು ವರದಿಯನ್ನು, ಸರ್ವೆ ನಂಬರು ಮತ್ತು ಹೆಸರು ಅಳಿಸಿ, ಮಾದರಿಯಾಗಿ ಇಟ್ಟುಕೊಳ್ಳಿ.

ಪ್ರಶ್ನೆ: ಮನೆಯಲ್ಲಿ ಅನುಕೂಲವಿಲ್ಲ. ವಕೀಲಿಕೆಯ ಮೊದಲ ವರ್ಷಗಳನ್ನು ದಾಟುವುದು ಹೇಗೆ? (ಪದವೀಧರ, ಚಾಮರಾಜನಗರ)

ಉತ್ತರ: ಮೊದಲು ಸಮಾಜ ಕಲ್ಯಾಣ ಇಲಾಖೆ ಅಥವಾ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ ‘ಕಾನೂನು ಪದವೀಧರರಿಗೆ ಆಡಳಿತ ನ್ಯಾಯಾಂಗದಲ್ಲಿ ತರಬೇತಿ’ ಯೋಜನೆಯ ಬಗ್ಗೆ ವಿಚಾರಿಸಿ. ಹಿರಿಯ ವಕೀಲರ ಬಳಿ ತರಬೇತಿ ಪಡೆಯುವ ಅವಧಿಗೆ ಮಾಸಿಕ ಶಿಷ್ಯವೇತನ ಸಿಗುತ್ತದೆ. ಅರ್ಜಿ ಕರೆಯುವುದು ಜಿಲ್ಲಾವಾರು ಪ್ರಕಟಣೆಯಲ್ಲಿ, ಬಹಳಷ್ಟು ಮಂದಿ ದಿನಾಂಕ ದಾಟಿದ ಮೇಲೆ ಕೇಳುತ್ತಾರೆ. ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಡಿ.

ಎರಡನೆಯದು ನಾಲ್ಸಾದ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಕಾನೂನು ನೆರವು ಪ್ರತಿರಕ್ಷಣಾ ವಕೀಲರ ವ್ಯವಸ್ಥೆ. ಬಡ ಆರೋಪಿಗಳ ಪರ ವಾದಿಸುವ ಪೂರ್ಣಾವಧಿ ಗುತ್ತಿಗೆ ಕೆಲಸ ಇದು. ಸಹಾಯಕ ವಕೀಲರ ಹುದ್ದೆಗೆ ಸೊನ್ನೆಯಿಂದ ಮೂರು ವರ್ಷದ ಅನುಭವ ಸಾಕು. ಖಾಸಗಿ ಕೇಸು ಹಿಡಿಯುವಂತಿಲ್ಲ, ಆದರೆ ಸೆಷನ್ಸ್ ವಿಚಾರಣೆಯನ್ನು ಇಷ್ಟು ಬೇಗ, ಇಷ್ಟು ಹತ್ತಿರದಿಂದ ಕಾಣುವ ಜಾಗ ಇನ್ನೊಂದಿಲ್ಲ. ಪ್ರಾಧಿಕಾರದ ಪ್ಯಾನೆಲ್ ವಕೀಲರಾಗಲು ಮಾತ್ರ ಮೂರು ವರ್ಷ ಬೇಕು.

ಸಂಜೆ ಕಾಲೇಜಿನಲ್ಲಿ ಕಾನೂನು ಪಾಠ ಹೇಳುವುದಕ್ಕೂ ಅಡ್ಡಿಯಿಲ್ಲ, ದಿನಕ್ಕೆ ಮೂರು ಗಂಟೆ ಮೀರಬಾರದು. ಅಷ್ಟು ಬೋಧನೆಯನ್ನು ಅರೆಕಾಲಿಕವೆಂದೇ ಪರಿಗಣಿಸುವುದರಿಂದ ಸನ್ನದಿಗೆ ತೊಂದರೆಯಿಲ್ಲ.

ಪ್ರಶ್ನೆ: ಏಳು ವರ್ಷದ ಬಿಡುವಿನ ನಂತರ ಮತ್ತೆ ವೃತ್ತಿಗೆ ಬರಬೇಕೆಂದಿದ್ದೇನೆ. ಯಾರಾದರೂ ತೆಗೆದುಕೊಳ್ಳುತ್ತಾರೆಯೇ? (ವಕೀಲೆ, ಮಂಗಳೂರು)

ಉತ್ತರ: ತೆಗೆದುಕೊಳ್ಳುತ್ತಾರೆ, ಹೊಸಬರ ಸಾಲಿನಲ್ಲಿ ನಿಲ್ಲದಿದ್ದರೆ. ಸನ್ನದು ತಡೆಹಿಡಿಸಿದ್ದರೆ ಮೊದಲು ಚಾಲ್ತಿ ಮಾಡಿಸಿ. ನೀವಿಲ್ಲದ ಕಾಲದಲ್ಲಿ ಕ್ರಿಮಿನಲ್ ಕಾನೂನು ಮೂರೂ ಬದಲಾಗಿವೆ, ಇ-ಫೈಲಿಂಗ್ ಬಂದಿದೆ, 2023ರ ಮಧ್ಯಸ್ಥಿಕೆ (ಮೀಡಿಯೇಷನ್) ಕಾಯ್ದೆ ಬಂದಿದೆ. ಎರಡು ತಿಂಗಳು ಇವನ್ನು ಓದಿ, ಪರಿಚಯದ ಕಚೇರಿಯೊಂದರಲ್ಲಿ ಒಂದೆರಡು ಕೇಸನ್ನು ನೀವೇ ಇ-ಫೈಲ್ ಮಾಡಿ ನೋಡಿ. ಬಯೋಡೇಟಾದಲ್ಲಿ ಬಿಡುವಿನ ವರ್ಷಗಳನ್ನು ಮರೆಮಾಚಬೇಡಿ. ‘ಕುಟುಂಬದ ಕಾರಣಕ್ಕೆ ವೃತ್ತಿಯಿಂದ ಬಿಡುವು’ ಎಂಬ ಒಂದು ಸಾಲು ಸಾಕು, ಕೆಳಗೆ ಮೊದಲಿನ ಅನುಭವದ ವಿವರ ದಟ್ಟವಾಗಿರಲಿ. ಕುಟುಂಬ ನ್ಯಾಯಾಲಯ, ಗ್ರಾಹಕರ ಆಯೋಗ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಪ್ರಕರಣ ನಡೆಸುವ ಕಚೇರಿಗಳನ್ನು ಮೊದಲು ನೋಡಿ, ಕಕ್ಷಿದಾರರ ಜೊತೆ ತಾಳ್ಮೆಯಿಂದ ಮಾತಾಡಬಲ್ಲವರು ಅಲ್ಲಿ ಬೇಕು. ವೃತ್ತಿಯಲ್ಲಿ ಒಟ್ಟು ಏಳು ವರ್ಷ ತುಂಬಿದ್ದರೆ ನೋಟರಿಗೂ ಅರ್ಜಿ ಹಾಕಬಹುದು. ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ ಏಳು, ಉಳಿದವರಿಗೆ ಹತ್ತು ವರ್ಷ.

ಪ್ರಶ್ನೆ: ‘ಆನ್‌ಲೈನ್ ಇಂಟರ್ನ್‌ಶಿಪ್, ಶುಲ್ಕ ಕಟ್ಟಿದರೆ ಪ್ರಮಾಣಪತ್ರ’ ಎಂಬ ಜಾಹೀರಾತು ನಂಬಬಹುದೇ? (ವಿದ್ಯಾರ್ಥಿ, ವಿಜಯಪುರ)

ಉತ್ತರ: ಬೇಡ. ಕೆಲಸ ಮಾಡುವವರೇ ದುಡ್ಡು ಕೊಡುವ ಇಂಟರ್ನ್‌ಶಿಪ್ ಅಂದರೆ ಮಾರಾಟಕ್ಕಿರುವುದು ಕಾಗದ. ಸಂದರ್ಶನದಲ್ಲಿ ‘ಅಲ್ಲಿ ಏನು ಮಾಡಿದೆ?’ ಎಂದರೆ ಹೇಳಲು ಏನೂ ಇರುವುದಿಲ್ಲ. ಅಷ್ಟೇ ಹಣಕ್ಕೆ ನಾಲ್ಕು ಬೇರ್ ಆಕ್ಟ್ ಬರುತ್ತವೆ.

ಪ್ರಶ್ನೆ: ಹೊಸದಾಗಿ ಕಚೇರಿ ತೆರೆದಿದ್ದೇನೆ. ಇನ್‌ಸ್ಟಾಗ್ರಾಂನಲ್ಲಿ ‘ಜಾಮೀನಿಗೆ ಸಂಪರ್ಕಿಸಿ’ ಎಂದು ಹಾಕಬಹುದೇ? (ವಕೀಲ, ತುಮಕೂರು)

ಉತ್ತರ: ಹಾಕುವಂತಿಲ್ಲ. ವಕೀಲರ ನಡತೆ ನಿಯಮ 36 ಜಾಹೀರಾತನ್ನೂ ಕೇಸು ಹಿಡಿಯಲು ಕರೆಯುವುದನ್ನೂ ನಿಷೇಧಿಸುತ್ತದೆ. 2008ರ ತಿದ್ದುಪಡಿಯ ಪ್ರಕಾರ ನಿಮ್ಮ ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ದೂರವಾಣಿ, ನೋಂದಣಿ ಸಂಖ್ಯೆ, ವಿದ್ಯಾರ್ಹತೆ, ಯಾವ ವಿಷಯದಲ್ಲಿ ವಕೀಲಿಕೆ ಎಂಬ ವಿವರ ಹಾಕಬಹುದು. ಗೆದ್ದ ಕೇಸಿನ ಪಟ್ಟಿ, ಕಕ್ಷಿದಾರರ ಹೊಗಳಿಕೆ, ಶುಲ್ಕದ ರಿಯಾಯಿತಿ ಬೇಡ. ಕಾನೂನಿನ ವಿಷಯವನ್ನು ಜನರಿಗೆ ತಿಳಿಸುವ ಬರಹ, ವಿಡಿಯೊ ಹಾಕಬಹುದು, ಆದರೆ ಅದರ ಕೊನೆಯಲ್ಲಿ ಫೋನ್ ನಂಬರು ಕೊಟ್ಟು ಕರೆ ಮಾಡಿ ಎಂದರೆ ಅದೂ ಜಾಹೀರಾತೇ.